ಎದುರಾಳಿ ಏನನ್ನು ಬಿಟ್ಟುಕೊಟ್ಟಿದ್ದಾನೆ?

(ರಾಯಚೂರಿನ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಈ ಉಪನ್ಯಾಸಕ್ಕೆ ನನ್ನನ್ನು ಕರೆಯಲು ಬಂದ ವಿದ್ಯಾರ್ಥಿಗಳು ಜೊತೆಗೆ ಒಂದು ಪ್ರಶ್ನೆಯನ್ನೂ ತಂದಿದ್ದರು. ಐವರ ಎದುರು ಐವರು ಆಡುವ ಕಂಪ್ಯೂಟರ್ ಆಟದಲ್ಲಿ ಎದುರಾಳಿ ತಂಡದ ಒಬ್ಬ ಆಟಗಾರ ಒಂದು ಸಲವೂ ಕಾಳಗಕ್ಕೆ ಬರದೆ, ನಾವು ಈ ಮೂಲೆಯಲ್ಲಿದ್ದಾಗ ಆ ಮೂಲೆಯ ಟವರ್ ಕೆಡವುತ್ತ, ನಾವು ಅಲ್ಲಿಗೆ ಓಡಿದಾಗ ಮತ್ತೊಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತ ಇಡೀ ಪಂದ್ಯ ಕಳೆದರೆ, ಅವನ ವಿರುದ್ಧ ಯಾವ ಹೀರೊ, ಅಂದರೆ ಆಟಗಾರ ನಡೆಸುವ ಪಾತ್ರ, ಪಿಕ್ ಮಾಡಬೇಕು ಎಂಬುದು ಅವರ ಪ್ರಶ್ನೆ. ಯಾವ ಹೀರೊ ಎಂಬುದು ನನ್ನ ದೃಷ್ಟಿಯಲ್ಲಿ ಮೂರನೆಯದೋ ನಾಲ್ಕನೆಯದೋ ಪ್ರಶ್ನೆ. ಅವನು ಹಾಗೆ ಒಂಟಿಯಾಗಿ ತಿರುಗಬೇಕಾದರೆ ಅವನ ತಂಡ ಏನನ್ನು ಬಿಟ್ಟುಕೊಟ್ಟಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಆಟ ಗೊತ್ತಿಲ್ಲದ ಅಧ್ಯಾಪಕರೂ ಕೆಲವರು ಇಲ್ಲಿ ಕುಳಿತಿರುವುದರಿಂದ ನಾನು ಉದಾಹರಣೆಗೆ ಬಳಸುವ ಡೋಟಾ 2 ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಚೌಕಾಕಾರದ ಒಂದು ನಕಾಶೆಯ ಎದುರುಬದುರು ಮೂಲೆಗಳಲ್ಲಿ ಎರಡು ತಂಡಗಳ ನೆಲೆಗಳಿದ್ದು, ಅವುಗಳ ನಡುವೆ ಲೇನ್ ಎಂದು ಕರೆಯುವ ಮೂರು ದಾರಿಗಳಿವೆ. ಪ್ರತಿ 30 ಸೆಕೆಂಡಿಗೊಮ್ಮೆ ಎರಡೂ ಕಡೆಯಿಂದ ಕ್ರೀಪ್ ಎಂಬ ಸಣ್ಣ ಸೈನಿಕರ ಗುಂಪು ಈ ದಾರಿಗಳಲ್ಲಿ ತಾನಾಗಿಯೇ ಹೊರಡುತ್ತದೆ. ದಾರಿಯುದ್ದಕ್ಕೂ ಕಾವಲು ಟವರ್‌ಗಳಿವೆ, ಒಂದೊಂದು ತಂಡಕ್ಕೆ 11. ಕ್ರೀಪ್‌ಗಳನ್ನೂ ಎದುರಾಳಿಗಳನ್ನೂ ಕೊಂದರೆ ಗೋಲ್ಡ್ ಮತ್ತು ಅನುಭವ ಸಿಗುತ್ತದೆ, ಗೋಲ್ಡ್‌ನಿಂದ ಆಯುಧ ಕೊಳ್ಳಬಹುದು, ಕಡೆಗೆ ಎದುರಾಳಿಯ ನೆಲೆಯ ನಡುವೆ ಇರುವ ಏನ್ಶಂಟ್ ಎಂಬ ಕಟ್ಟಡವನ್ನು ಯಾರು ಮೊದಲು ಉರುಳಿಸುತ್ತಾರೋ ಅವರು ಗೆದ್ದಂತೆ. ನಮ್ಮವರು ಯಾರೂ ಇಲ್ಲದ ಜಾಗ ನಮಗೆ ಕತ್ತಲೆಯಾಗಿಯೇ ಉಳಿಯುತ್ತದೆ, ಅಲ್ಲಿ ಯಾರು ಓಡಾಡುತ್ತಿದ್ದಾರೆಂದು ಕಾಣುವುದಿಲ್ಲ. ಇದರಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ, ಎಷ್ಟು ಜನರನ್ನು ಕೊಂದೆವು ಎಂಬ ಲೆಕ್ಕಕ್ಕೂ ಗೆಲುವಿಗೂ ನೇರ ಸಂಬಂಧವಿಲ್ಲ, ಕಟ್ಟಡ ಬೀಳಬೇಕು. ಹುಡುಗರು ಸೋತು ಎದ್ದಾಗ "ನಮ್ದೇ ಕಿಲ್ ಜಾಸ್ತಿ ಇತ್ತು" ಎಂದು ಹೇಳಿಕೊಳ್ಳುವುದನ್ನು ಕೇಳಿದರೆ ಈ ಸಂಗತಿ ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದು ತಿಳಿಯುತ್ತದೆ.

ಇದೇ ಕುಟುಂಬದ ಆಟಗಳು ಫೋನಿನಲ್ಲಿಯೂ ಇವೆ. ಮೊಬೈಲ್ ಲೆಜೆಂಡ್ಸ್ ಆಟವನ್ನು ಆಡಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬೇಕು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಸೇರಿತ್ತು. ಮರುವರ್ಷ ಬಂದ ಪೋಕೆಮಾನ್ ಯುನೈಟ್ ಅನ್ನು ಅನೇಕರು ಆಡುತ್ತಾರೆ. ಇದೆಲ್ಲ ಸಮಯ ಕಳೆಯುವ ಆಟವಷ್ಟೇ ಎನ್ನುವ ಹಿರಿಯರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನ ಡೋಟಾ 2 ವಿಭಾಗದಲ್ಲಿ ಭಾರತ ತಂಡ ಕಂಚಿನ ಪದಕ ಗೆದ್ದಿದೆ, ಮರುವರ್ಷ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಬಗೆಯ ಆಟಗಳಿಗೂ ಪದಕವಿತ್ತು.

ವಿಚಿತ್ರ ತಂತ್ರ ಎಂದು ನಾವು ಕರೆಯುವುದು ಯಾವುದನ್ನು? ಸಾಮಾನ್ಯವಾಗಿ ಐವರು ಆಟಗಾರರು ಒಂದು ಒಪ್ಪಂದದಂತೆ ಹಂಚಿಹೋಗುತ್ತಾರೆ. ನಿಧಾನವಾಗಿ ಬೆಳೆದು ಕೊನೆಗೆ ಪಂದ್ಯವನ್ನು ಹೊರುವ ಕ್ಯಾರಿ ಒಂದು ಕಡೆ, ನಡುವಿನ ಲೇನಿನಲ್ಲಿ ಒಬ್ಬ, ಕಷ್ಟದ ಲೇನಿನಲ್ಲಿ ಒಬ್ಬ, ಉಳಿದಿಬ್ಬರು ತಮಗೆ ಗೋಲ್ಡ್ ಬೇಡವೆಂದು ಇತರರನ್ನು ಕಾಯುವ ಸಪೋರ್ಟ್‌ಗಳು. ಈ ಹಂಚಿಕೆ ಆಟದ ನಿಯಮಪುಸ್ತಕದಲ್ಲಿ ಬರೆದಿಟ್ಟದ್ದಲ್ಲ, ವರ್ಷಗಟ್ಟಲೆ ಆಡುತ್ತ ಆಡುತ್ತ ಎಲ್ಲರೂ ರೂಢಿಸಿಕೊಂಡದ್ದು. ನೂರಾರು ಪಂದ್ಯಗಳನ್ನು ಆಡಿದ ಕೈಗೆ ಯಾವ ನಿಮಿಷದಲ್ಲಿ ಎಲ್ಲಿರಬೇಕೆಂಬುದು ಯೋಚಿಸದೆಯೇ ಬರುತ್ತದೆ. ಎದುರಾಳಿ ಈ ರೂಢಿಯನ್ನು ಮುರಿದಾಗ ನಮ್ಮ ಕೈಯ ಅಭ್ಯಾಸವೇ ನಮಗೆ ತಿರುಗಿಬೀಳುತ್ತದೆ. ಅವನ ತಂತ್ರದಲ್ಲಿ ನಿಜವಾಗಿ ಬಲವಿದೆಯೋ ಇಲ್ಲವೋ, ನಾವು ತಬ್ಬಿಬ್ಬಾಗಿ ಕಳೆದುಕೊಳ್ಳುವ ಮೊದಲ ಹತ್ತು ನಿಮಿಷವಂತೂ ಅವನಿಗೆ ಪುಕ್ಕಟೆಯಾಗಿ ಸಿಗುತ್ತದೆ.

ಹಾಗಿದ್ದರೂ ಒಂದು ಸಂಗತಿ ಬದಲಾಗುವುದಿಲ್ಲ. ಅವರೂ ಐವರು, ನಾವೂ ಐವರು. ಪಂದ್ಯ ಶುರುವಾದಾಗ ಗೋಲ್ಡ್ ಸಮ, ಕ್ರೀಪ್ ಸಮ, ಗಡಿಯಾರ ಒಂದೇ. ಆದ್ದರಿಂದ ಅವರು ಒಂದು ಕಡೆ ಹೆಚ್ಚು ಪಡೆಯುತ್ತಿದ್ದರೆ ಇನ್ನೊಂದು ಕಡೆಯಿಂದ ತೆಗೆದೇ ಪಡೆಯುತ್ತಿರಬೇಕು. ಆ ಇನ್ನೊಂದು ಕಡೆ ಯಾವುದು, ಅದು ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಖಾಲಿಯಾಗಿರುತ್ತದೆ ಎಂಬುದನ್ನು ಪತ್ತೆ ಹಚ್ಚುವುದೇ ಪ್ರತಿತಂತ್ರ. ಹೀರೊಗಳ ಹೆಸರು ಆಮೇಲೆ.

ವಿದ್ಯಾರ್ಥಿಗಳು ಕೇಳಿದ ತಂತ್ರವನ್ನೇ ತೆಗೆದುಕೊಳ್ಳೋಣ. ಆಟಗಾರರು ಅದನ್ನು ಸ್ಪ್ಲಿಟ್ ಪುಶ್ ಎನ್ನುತ್ತಾರೆ. ಅದಕ್ಕೆ ಸೋತವರು ಸಿಟ್ಟಿನಿಂದ ರ‍್ಯಾಟ್, ಅಂದರೆ ಇಲಿ, ಎಂದು ಹೀಯಾಳಿಸುವುದೂ ಉಂಟು. ಈ ತಂತ್ರ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ದೊಡ್ಡ ಸಾಕ್ಷಿ 2013ರ ಆಗಸ್ಟಿನಲ್ಲಿ ಸಿಯಾಟಲ್ ನಗರದಲ್ಲಿ ನಡೆದ, ಡೋಟಾ 2ರ ದೊಡ್ಡ ಪಂದ್ಯಾವಳಿಯಾದ ದಿ ಇಂಟರ್‌ನ್ಯಾಷನಲ್‌ನ ಅಂತಿಮ ಹಣಾಹಣಿ. ಸ್ವೀಡನ್ನಿನ ಅಲಯನ್ಸ್ ತಂಡ ಉಕ್ರೇನಿನ ನಾವಿ ತಂಡವನ್ನು 3-2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅಲಯನ್ಸ್‌ನ ಆಡ್ಮಿರಲ್‌ಬುಲ್‌ಡಾಗ್ ಎಂಬ ಆಟಗಾರ ನೇಚರ್ಸ್ ಪ್ರಾಫೆಟ್ ಎಂಬ ಹೀರೊವನ್ನು ಆಡುತ್ತಿದ್ದರು. ಆ ಹೀರೊಗೆ ನಕಾಶೆಯ ಯಾವ ಜಾಗಕ್ಕಾದರೂ ಹಾರಿಹೋಗುವ ಶಕ್ತಿಯಿದೆ. ಐದನೆಯ ಆಟದಲ್ಲಿ ಅಲಯನ್ಸ್‌ನವರು ಕಾಳಗವನ್ನು ಬಿಟ್ಟು ನಾವಿಯ ನೆಲೆಯನ್ನು ಒಡೆಯತೊಡಗಿದರು. ಅದನ್ನು ಕಾಪಾಡಲು ಟೆಲಿಪೋರ್ಟ್ ಮಾಡಿ, ಅಂದರೆ ಇದ್ದಲ್ಲಿಂದ ನೇರವಾಗಿ ನೆಲೆಗೆ ಹಾರಿ, ಹಿಂದಿರುಗಲು ಯತ್ನಿಸಿದ ನಾವಿ ಆಟಗಾರರನ್ನು ಎಸ್‌4 ಎಂಬ ಆಟಗಾರ ತಮ್ಮ ಪಕ್ ಹೀರೊದ ಡ್ರೀಮ್ ಕಾಯಿಲ್ ಎಂಬ ಶಕ್ತಿಯಿಂದ ಹಿಡಿದು ನಿಲ್ಲಿಸಿದರು. ನೆಲೆ ಉರುಳಿತು. ಆ ಒಂದು ಕ್ಷಣದ ಚುರುಕನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ನಾನು ಆ ಪಂದ್ಯದಿಂದ ತೆಗೆದುಕೊಳ್ಳುವ ಪಾಠ ಬೇರೆ: ಬಿಡಿಯಾಗಿ ಹೋಗಿ ಟವರ್ ಕೆಡವುವ ತಂತ್ರ ಗೆಲ್ಲುವುದು ಕೆಡವುವವನಿಂದ ಮಾತ್ರವಲ್ಲ, ಎದುರಾಳಿ ಮನೆಗೆ ಮರಳದಂತೆ ಅಡ್ಡ ನಿಲ್ಲುವ ಉಳಿದವರಿಂದ. ಅವರಿಗೆ ಅಡ್ಡ ನಿಲ್ಲುವ ಅವಕಾಶ ಸಿಗದಂತೆ ಮಾಡಿದರೆ ಒಂಟಿ ಆಟಗಾರನ ಓಡಾಟಕ್ಕೆ ಅರ್ಥವಿರುವುದಿಲ್ಲ.

ಈಗ ನಮ್ಮ ಪ್ರಶ್ನೆಯನ್ನು ಕೇಳೋಣ. ಆ ಒಬ್ಬನನ್ನು ಸದಾ ದೂರ ಇಡಲು ಅವರು ಏನು ಕೊಟ್ಟಿದ್ದಾರೆ? ಎಲ್ಲಕ್ಕಿಂತ ಮೊದಲು, ಉಳಿದ ನಾಲ್ವರು ನಮ್ಮ ಐವರ ಎದುರು ಬದುಕಿರಬೇಕಾದ ಸಂಕಷ್ಟವನ್ನು ಒಪ್ಪಿಕೊಂಡಿದ್ದಾರೆ. ಎರಡನೆಯದಾಗಿ, ಒಂಟಿ ಆಟಗಾರನ ಗೋಲ್ಡ್ ಎಲ್ಲವೂ ಟವರ್ ಕೆಡವಲು ಮತ್ತು ಓಡಿಹೋಗಲು ಬೇಕಾದ ಆಯುಧಗಳಿಗೆ ಹೋಗಿರುವುದರಿಂದ, ಅವನನ್ನು ಬಲವಂತವಾಗಿ ಕಾಳಗಕ್ಕೆ ಎಳೆದರೆ ಅವನು ಅಲ್ಲಿ ಅರ್ಧ ಆಟಗಾರನಷ್ಟೇ. ಮೂರನೆಯದು ಬಹಳ ಜನ ಗಮನಿಸದೆ ಇರುವಂಥದು: ಅವನ ಬಲ ಅವನದಲ್ಲ, ಅವನ ಮುಂದೆ ನಡೆಯುವ ಕ್ರೀಪ್‌ಗಳದು. ಡೋಟಾದಲ್ಲಿ ಮೊದಲ ಸಾಲಿನ ಟವರ್‌ಗಳನ್ನು ಬಿಟ್ಟು ಉಳಿದ ಕಟ್ಟಡಗಳಿಗೆ ಒಂದು ರಕ್ಷಣೆಯಿದೆ. ಎದುರಾಳಿಯ ಕ್ರೀಪ್‌ಗಳು ಹತ್ತಿರದಲ್ಲಿ ಇಲ್ಲದಿದ್ದಾಗ ಯಾರಾದರೂ ಕದ್ದು ಬಂದು ಕಟ್ಟಡಕ್ಕೆ ಹೊಡೆದರೆ, ಆದ ಹಾನಿ ಬೇಗಬೇಗನೆ ತುಂಬಿಕೊಳ್ಳುತ್ತದೆ. ಅಂದಮೇಲೆ ಅವನನ್ನು ಕೊಲ್ಲಬೇಕಾದ ಅಗತ್ಯವೇ ಇಲ್ಲ. ಅವನ ಜೊತೆ ಬರುವ ಕ್ರೀಪ್ ಗುಂಪು ಟವರ್ ತಲುಪುವ ಮೊದಲೇ ಸತ್ತರೆ ಅವನು ಬರಿಗೈಯಲ್ಲಿ ನಿಂತಂತೆ. ಗುಂಪಾಗಿ ಬರುವ ಕ್ರೀಪ್‌ಗಳನ್ನು ದೂರದಿಂದಲೇ ಒಂದೆರಡು ಮಂತ್ರದಲ್ಲಿ ಅಳಿಸುವ ಹೀರೊ ನಮ್ಮ ತಂಡದಲ್ಲಿ ಒಬ್ಬನಿದ್ದು, ಅವನ ಬಳಿ ಟೆಲಿಪೋರ್ಟ್ ಮಾಡಲು ಬೇಕಾದ ಸ್ಕ್ರೋಲ್ ಸದಾ ಸಿದ್ಧವಿದ್ದರೆ ಸಾಕು.

ಇಷ್ಟು ಗೊತ್ತಿದ್ದೂ ಪಂದ್ಯದಲ್ಲಿ ಆಗುವುದು ಬೇರೆ. ಒಂಟಿ ಆಟಗಾರ ಮೇಲಿನ ಲೇನಿನಲ್ಲಿ ಕಾಣಿಸಿಕೊಂಡ ತಕ್ಷಣ ಹೆಡ್‌ಫೋನಿನಲ್ಲಿ "ಲೇ, ಮ್ಯಾಲ ಬರ್ರಿ, ಒಬ್ಬನ ಅದಾನ!" ಎಂಬ ಕೂಗು ಕೇಳುತ್ತದೆ, ಮೂವರು ಒಟ್ಟಿಗೆ ಟೆಲಿಪೋರ್ಟ್ ಒತ್ತುತ್ತಾರೆ. ಟೆಲಿಪೋರ್ಟ್ ಆಗಲು 3 ಸೆಕೆಂಡ್ ನಿಂತಲ್ಲೇ ನಿಲ್ಲಬೇಕು. ಒಂದೇ ಟವರಿಗೆ ಒಬ್ಬರ ಹಿಂದೆ ಒಬ್ಬರು ಹೊರಟರೆ ಹಿಂದಿನವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮೂವರೂ ಬಂದು ಇಳಿಯುವಷ್ಟರಲ್ಲಿ ಅವನು ಲೇನ್‌ಗಳ ನಡುವಿನ ಕಾಡು ಸೇರಿರುತ್ತಾನೆ, ಮೂವರ ಸ್ಕ್ರೋಲ್‌ಗಳೂ ಖರ್ಚಾಗಿರುತ್ತವೆ, ಅತ್ತ ಕೆಳಗಿನ ಲೇನಿನಲ್ಲಿ ಅವನ ನಾಲ್ವರು ಗೆಳೆಯರು ನಮ್ಮ ಇಬ್ಬರನ್ನು ಮುತ್ತಿರುತ್ತಾರೆ. ಈ ತಂತ್ರವನ್ನು ಆಡುವವರು ಕಾಯುವುದು ಈ ಕೂಗಿಗಾಗಿಯೇ. ಒಬ್ಬನ ಹಿಂದೆ ಮೂವರು ಓಡಿದ ಕ್ಷಣಕ್ಕೆ ನಾನು ಮೇಲೆ ಹೇಳಿದ ಲೆಕ್ಕ ತಲೆಕೆಳಗಾಗುತ್ತದೆ, ಅವರು ಬಿಟ್ಟುಕೊಟ್ಟದ್ದನ್ನು ನಾವೇ ಅವರಿಗೆ ಮರಳಿ ಕೊಟ್ಟಂತಾಗುತ್ತದೆ.

ಸರಿಯಾದ ಉತ್ತರ ನಿಧಾನದ್ದು, ನೋಡುವವರಿಗೆ ಸಪ್ಪೆಯದು. ಅವನು ಮೇಲೆ ಕಾಣಿಸಿಕೊಂಡರೆ ಒಬ್ಬನೇ ಹೋಗಿ ಕ್ರೀಪ್ ಅಳಿಸಬೇಕು, ಉಳಿದ ನಾಲ್ವರು ಅದೇ ಗಳಿಗೆಯಲ್ಲಿ ನಕಾಶೆಯ ಎದುರು ತುದಿಯಲ್ಲಿ ಅವರು ಬಿಡಲಾಗದಂಥ ಒಂದನ್ನು ಮುಟ್ಟಬೇಕು. ಅದು ಎರಡನೆಯ ಸಾಲಿನ ಟವರ್ ಇರಬಹುದು, ರೋಶನ್ ಇರಬಹುದು. ರೋಶನ್ ಎಂಬ ದೈತ್ಯನನ್ನು ಕೊಂದರೆ ಸಿಗುವ ಏಜಿಸ್ ಅದನ್ನು ಹೊತ್ತವನಿಗೆ ಸತ್ತ ಜಾಗದಲ್ಲೇ ಮತ್ತೊಂದು ಜೀವ ಕೊಡುತ್ತದೆ, ಐದು ನಿಮಿಷದೊಳಗೆ ಬಳಕೆಯಾಗದಿದ್ದರೆ ಅದು ಮಾಯವಾಗುತ್ತದೆ. ಆ ಐದು ನಿಮಿಷದಲ್ಲಿ ನೆಲೆಯ ಮೇಲೆ ಏರಿಹೋದರೆ ಅವರ ನಾಲ್ವರಿಗೆ ತಡೆಯುವುದು ಬಹಳ ಕಷ್ಟ, ಒಂಟಿ ಆಟಗಾರ ಬರಲೇಬೇಕಾಗುತ್ತದೆ. ಬಂದರೆ ಅವನ ತಂತ್ರ ಅಲ್ಲಿಗೆ ಮುಗಿಯಿತು. ಅವನನ್ನು ಹಿಡಿಯಲೇಬೇಕೆಂದಿದ್ದರೆ ಅವನಿದ್ದ ಜಾಗಕ್ಕೆ ಹೋಗಬಾರದು, ಅವನು ಮುಂದಿನ 30 ಸೆಕೆಂಡಿನಲ್ಲಿ ಎಲ್ಲಿರಬೇಕಾಗುತ್ತದೋ ಅಲ್ಲಿ ಮೊದಲೇ ಹೋಗಿ ಕತ್ತಲಲ್ಲಿ ಕುಳಿತಿರಬೇಕು. ಕ್ರೀಪ್‌ಗಳು ಯಾವ ಗಳಿಗೆಗೆ ಎಲ್ಲಿ ಸೇರುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅವನ ದಾರಿ ತಿಳಿಯುವುದು ಅಂಥ ಕಷ್ಟವೇನಲ್ಲ. ಅವನ ಕಾಡಿನ ಹಾದಿಗಳಲ್ಲಿ, ಸುತ್ತಲ ಕತ್ತಲೆಯನ್ನು ನಮಗೆ ಕಾಣಿಸುವ ವಾರ್ಡ್‌ಗಳನ್ನು ಎರಡು ನೆಟ್ಟರೆ ಸಪೋರ್ಟ್ ಆಟಗಾರ ಒಬ್ಬನೇ ಪಂದ್ಯದ ಅರ್ಧ ಕೆಲಸ ಮುಗಿಸಿದಂತೆ. ನಮ್ಮ ಹುಡುಗರಲ್ಲಿ ಸಪೋರ್ಟ್ ಆಡಲು ಯಾರೂ ಮುಂದೆ ಬರುವುದಿಲ್ಲ ಎಂಬುದು ಬೇರೆ ಮಾತು.

ಪಂದ್ಯ ಉದ್ದವಾದರೆ ಬೈಬ್ಯಾಕ್ ಲೆಕ್ಕ ಬರುತ್ತದೆ. ಸತ್ತ ಆಟಗಾರ ಗೋಲ್ಡ್ ತೆತ್ತು ಆ ಕ್ಷಣವೇ ಎದ್ದು ಬರಬಹುದು, ಆದರೆ ಒಮ್ಮೆ ಬಳಸಿದ ಮೇಲೆ 8 ನಿಮಿಷ ಮತ್ತೆ ಆಗುವುದಿಲ್ಲ. ಇಬ್ಬರೂ ಪರಸ್ಪರರ ನೆಲೆ ಒಡೆಯುವ ಓಟಕ್ಕಿಳಿದಾಗ, ಮನೆಯಲ್ಲಿ ಎದ್ದು ಬರಬಲ್ಲ ಒಬ್ಬ ಯಾರ ಬಳಿ ಉಳಿದಿದ್ದಾನೋ ಅವರಿಗೆ ಗೆಲುವಿನ ಸಾಧ್ಯತೆ ಹೆಚ್ಚು. ಸ್ಪ್ಲಿಟ್ ಪುಶ್ ತಂಡದ ಎದುರು ಆಡುವಾಗ ಮೂವತ್ತನೆಯ ನಿಮಿಷದ ಆಚೆಗೆ ಗೋಲ್ಡ್ ಎಲ್ಲವನ್ನೂ ಆಯುಧಕ್ಕೆ ಸುರಿಯುವುದು ನನಗೆ ಸರಿಕಾಣುವುದಿಲ್ಲ.

ನಾವು ಕುಳಿತಿರುವ ಈ ಊರಿನ ಕೋಟೆಗಾಗಿ 1520ರಲ್ಲಿ ನಡೆದ ಯುದ್ಧವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕೃಷ್ಣದೇವರಾಯ ರಾಯಚೂರನ್ನು ಮುತ್ತಿಗೆ ಹಾಕಿದ್ದಾಗ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣಾ ನದಿಯನ್ನು ದಾಟಿ ಕೋಟೆಯ ನೆರವಿಗೆ ಬಂದ. ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟ ವಿವರದ ಪ್ರಕಾರ ಆದಿಲ್ ಶಾಹ ತನ್ನ ತೋಪುಗಳನ್ನೇ ಹೆಚ್ಚಾಗಿ ನೆಚ್ಚಿದ್ದ, ವಿಜಯನಗರದ ಮುಂಚೂಣಿ ಎದುರಿಗೆ ಬಂದಾಗ ಅವೆಲ್ಲವನ್ನೂ ಒಟ್ಟಿಗೆ ಹಾರಿಸಿದ. ಮುಂದಿನ ಸಾಲು ಚೆದುರಿ ಹಿಂದೆ ಸರಿಯಿತು, ಶಾಹನ ಸೈನ್ಯ ಬೆನ್ನಟ್ಟಿ ಬಂತು. ಆಗ ರಾಯ ತಾನೇ ಕುದುರೆಯೇರಿ ಎರಡನೆಯ ಸಾಲನ್ನು ಮುನ್ನಡೆಸಿದ, ಬೆನ್ನಟ್ಟಿ ಬಂದವರು ಹಿಮ್ಮೆಟ್ಟಿ ನದಿಯವರೆಗೂ ಓಡಬೇಕಾಯಿತು. ಯುದ್ಧವನ್ನು ಆಟಕ್ಕೆ ಹೋಲಿಸುವುದರಲ್ಲಿ ಒಂದು ಬಗೆಯ ಹಗುರತನವಿದೆ ಎಂಬುದು ನನಗೆ ಗೊತ್ತು. ಅಲ್ಲಿ ಸತ್ತವರಿಗೆ ಬೈಬ್ಯಾಕ್ ಇರಲಿಲ್ಲ. ಆದರೂ ತರ್ಕ ಒಂದೇ. ಎಲ್ಲ ತೋಪುಗಳನ್ನೂ ಒಮ್ಮೆಗೇ ಹಾರಿಸಿದವನು ಎರಡನೆಯ ಏಟನ್ನು ಬಿಟ್ಟುಕೊಟ್ಟಿರುತ್ತಾನೆ, ಮತ್ತೆ ಮದ್ದು ತುಂಬುವವರೆಗಿನ ಹೊತ್ತು ಎದುರಾಳಿಯದು. ಆ ಹೊತ್ತನ್ನು ಬಳಸಿಕೊಳ್ಳಬೇಕಾದರೆ ಮೊದಲ ಏಟಿಗೆ ಎಲ್ಲರೂ ಎದೆಯೊಡ್ಡಿರಬಾರದು, ಹಿಂದೊಂದು ಸಾಲು ಉಳಿದಿರಬೇಕು.

ಇದೇ ಮಾತು ಎಂಟು ಹತ್ತು ನಿಮಿಷಕ್ಕೇ ಐವರೂ ಒಟ್ಟಾಗಿ ಒಂದೇ ಲೇನಿನಲ್ಲಿ ನುಗ್ಗುವ ತಂಡಕ್ಕೂ ಅನ್ವಯಿಸುತ್ತದೆ. ಅವರು ತಮ್ಮ ಮಂತ್ರಗಳನ್ನೆಲ್ಲ ಮೊದಲ ಟವರಿನ ಬುಡದಲ್ಲಿ ಖರ್ಚು ಮಾಡಲು ಬಂದವರು. ಅವರಿಗೆ ಎದುರುನಿಂತು ಒಬ್ಬೊಬ್ಬರಾಗಿ ಸಾಯುವುದಕ್ಕಿಂತ ಆ ಟವರನ್ನು ಬಿಟ್ಟು, ಅದೇ ಸಮಯದಲ್ಲಿ ಉಳಿದೆರಡು ಲೇನ್‌ಗಳ ಕ್ರೀಪ್‌ಗಳನ್ನೆಲ್ಲ ನಮ್ಮ ಕ್ಯಾರಿ ಒಬ್ಬನೇ ತಿಂದು ಬೆಳೆಯುವಂತೆ ನೋಡಿಕೊಳ್ಳುವುದು ಲೇಸು. ಕಟ್ಟಡಗಳಿಗೆ ಕೆಲವು ಸೆಕೆಂಡ್ ಹಾನಿಯಾಗದಂತೆ ಮಾಡುವ ಗ್ಲಿಫ್ ಎಂಬ ಸೌಲಭ್ಯ ಇಂಥ ಹೊತ್ತಿಗೆಂದೇ ಇರುವುದು. ಐವರು ಒಂದೇ ಲೇನಿನಲ್ಲಿದ್ದರೆ ಅವರಿಗೆ ಸಿಗುವುದು ಒಂದು ಲೇನಿನ ಗೋಲ್ಡ್ ಮಾತ್ರ, ಅದನ್ನೂ ಐವರು ಹಂಚಿಕೊಳ್ಳಬೇಕು. ಇಪ್ಪತ್ತೈದು ನಿಮಿಷದ ಹೊತ್ತಿಗೆ ಅವರ ಬಡತನ ತಾನಾಗಿ ಬಯಲಿಗೆ ಬರುತ್ತದೆ. ಅಲ್ಲಿಯವರೆಗೆ ಎರಡು ಮೂರು ಟವರ್ ಹೋದರೂ ಗಾಬರಿಯಾಗದೆ ಇರುವ ತಂಡ ಬೇಕು, ಅಷ್ಟೆ.

ಇದೇ ಕುಟುಂಬದ ಲೀಗ್ ಆಫ್ ಲೆಜೆಂಡ್ಸ್ ಆಟದಲ್ಲಿ 2018ರಲ್ಲಿ ಇದರ ತದ್ವಿರುದ್ಧ ತಂತ್ರವೊಂದು ಹರಡಿತ್ತು, ಫನಲ್ ಎಂದು ಅದರ ಹೆಸರು. ಇಬ್ಬರು ಆಟಗಾರರಿಗೆ ಸಲ್ಲಬೇಕಾದ ಹಣವನ್ನೆಲ್ಲ ಒಬ್ಬನಿಗೇ ಹರಿಸುವುದು ಅದರ ತಿರುಳು. ಮಾಸ್ಟರ್ ಯಿ ಎಂಬ ಹೀರೊ ಕಾಡಿನ ಪ್ರಾಣಿಗಳನ್ನೂ ಬೇಟೆಯಾಡಿ ನಡುವಿನ ಲೇನಿನ ಮಿನಿಯನ್‌ಗಳನ್ನೂ (ಡೋಟಾದ ಕ್ರೀಪ್‌ಗಳಂಥವು) ತಾನೇ ಕೊಲ್ಲುತ್ತಿದ್ದ. ಟಾರಿಕ್ ಎಂಬ ಸಪೋರ್ಟ್ ಹೀರೊ ಅವನ ನೆರಳಿನಂತೆ ತಿರುಗುತ್ತ ತನಗೆ ಏನೂ ತೆಗೆದುಕೊಳ್ಳದೆ ಅವನನ್ನು ಕಾಯುತ್ತಿದ್ದ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಯಿ ತಡೆಯಲಾಗದಷ್ಟು ಬೆಳೆದಿರುತ್ತಿದ್ದ. ಇಲ್ಲಿ ಬಿಟ್ಟುಕೊಟ್ಟದ್ದು ಏನು ಎಂದು ನೋಡಿ. ನಡುವಿನ ಲೇನ್ ನಕಾಶೆಯ ಹೃದಯ, ಅಲ್ಲಿ ಅವರಿಗೆ ಸ್ವಂತ ಬಲವಿರುವ ಆಟಗಾರನಿಲ್ಲ. ಯಿ ಕಾಡಿನೊಳಗೆ ಹೋದಾಗ ಟಾರಿಕ್ ಒಬ್ಬನೇ ಅಲ್ಲಿ ನಿಂತಿರುತ್ತಾನೆ, ಅವನ ಕೈಯಲ್ಲಿ ಹೇಳಿಕೊಳ್ಳುವಂಥ ಏಟಿಲ್ಲ. ಅದೂ ಅಲ್ಲದೆ ಐವರ ಭವಿಷ್ಯ ಒಬ್ಬನ ಮೇಲೆ ನಿಂತಿರುವುದರಿಂದ ಅವನು ಬೆಳೆಯುವ ಮೊದಲು ಒಮ್ಮೆ ಸತ್ತರೂ ಇಡೀ ತಂಡ ಹಿಂದೆ ಬೀಳುತ್ತದೆ. ಆದ್ದರಿಂದ ಉತ್ತರ ಮೊದಲ ಐದಾರು ನಿಮಿಷಗಳಲ್ಲೇ ಇದೆ: ಅವನ ಕಾಡಿಗೆ ನಮ್ಮವರು ಇಬ್ಬರು ಮೂವರು ಒಟ್ಟಿಗೆ ನುಗ್ಗಿ ಅವನ ಬೇಟೆಯನ್ನು ತಾವೇ ಕಸಿಯಬೇಕು, ನಡುವಿನ ಟವರಿನ ಮೇಲೆ ಬಿಡುವಿಲ್ಲದೆ ಒತ್ತಡ ಹೇರಬೇಕು. ಸ್ಪ್ಲಿಟ್ ಪುಶ್‌ಗೆ ತಾಳ್ಮೆ ಮದ್ದು ಎಂದೆ. ಫನಲ್‌ಗೆ ತಾಳ್ಮೆಯೇ ವಿಷ. ವಿಚಿತ್ರ ತಂತ್ರಕ್ಕೆಲ್ಲ ಒಂದೇ ಉತ್ತರ ಹುಡುಕುವವರು ಎಡವುವುದು ಇಲ್ಲಿ. ಆಮೇಲೆ ಆ ಆಟವನ್ನು ರೂಪಿಸಿದ ರಯಟ್ ಸಂಸ್ಥೆ ಹಣ ಆ ಬಗೆಯಲ್ಲಿ ಒಬ್ಬನ ಕಡೆಗೆ ಹರಿಯದಂತೆ ನಿಯಮವನ್ನು ಬಿಗಿ ಮಾಡಿತು, ಫನಲ್ ಮರೆಯಾಯಿತು.

ಹಾಗೆ ನಿಯಮ ತಿದ್ದಿಯೇ ಮುಗಿಸಬೇಕಾದ ತಂತ್ರಗಳೂ ಇವೆ ಎಂಬುದನ್ನು ಒಪ್ಪಬೇಕು. 2013ರ ಅದೇ ಪಂದ್ಯಾವಳಿಯಲ್ಲಿ ನಾವಿ ತಂಡ ಚೀನಾದ ಟಾಂಗ್‌ಫು ವಿರುದ್ಧ ಪಜ್ ಮತ್ತು ಚೆನ್ ಎಂಬ ಎರಡು ಹೀರೊಗಳ ಶಕ್ತಿಯನ್ನು ಬೆಸೆದು ಬಳಸಿತು. ಪಜ್ ಕೊಕ್ಕೆ ಎಸೆದ ಗಳಿಗೆಗೆ ಸರಿಯಾಗಿ ಚೆನ್ ಅವನನ್ನು ತಮ್ಮ ನೆಲೆಗೆ ಕಳಿಸಿಬಿಡುತ್ತಿದ್ದ, ಕೊಕ್ಕೆಗೆ ಸಿಕ್ಕ ಎದುರಾಳಿ ಎಲ್ಲೋ ಇದ್ದವನು ಎಳೆದುಕೊಂಡು ಬಂದು ನಾವಿಯ ನೆಲೆಯ ನಡುವೆ ಬೀಳುತ್ತಿದ್ದ. ಅಲ್ಲಿಂದ ಬದುಕಿ ಬರುವ ಮಾತಿಲ್ಲ. ಡೆಂಡಿ ಮತ್ತು ಪಪ್ಪಿ ಎಂಬ ಇಬ್ಬರು ಆಟಗಾರರ ಸಮಯಪ್ರಜ್ಞೆ ಅಚ್ಚರಿ ಹುಟ್ಟಿಸುವಂಥದು, ಆದರೆ ಎದುರಿನವರು ಕೊಕ್ಕೆಯಿಂದ ದೂರ ನಿಲ್ಲುವುದನ್ನು ಬಿಟ್ಟು ಮತ್ತೇನೂ ಮಾಡುವಂತಿರಲಿಲ್ಲ. ಕೆಲಕಾಲದ ನಂತರ ಡೋಟಾ 2 ಅನ್ನು ರೂಪಿಸಿದ ವಾಲ್ವ್ ಸಂಸ್ಥೆ ಇದು ನಡೆಯದಂತೆ ಆಟವನ್ನು ಬದಲಿಸಿತು.

ಇನ್ನೊಂದು ಬಗೆಯಿದೆ, ಅದು ನನ್ನ ಲೆಕ್ಕಾಚಾರಕ್ಕೆ ನಿಜವಾದ ಪರೀಕ್ಷೆ. ಎದುರಾಳಿಯ ನಡೆ ವಿಚಿತ್ರವಾಗಿ ಕಂಡರೂ ಅವನು ಅಸಲಿಗೆ ಹೆಚ್ಚೇನನ್ನೂ ಬಿಟ್ಟುಕೊಟ್ಟಿಲ್ಲದಿದ್ದರೆ? 2019ರಲ್ಲಿ ಶಾಂಘೈನಲ್ಲಿ ನಡೆದ ದಿ ಇಂಟರ್‌ನ್ಯಾಷನಲ್‌ನಲ್ಲಿ ಓಜಿ ತಂಡದ ಆನಾ ಎಂಬ ಆಟಗಾರ ಐಓ ಎಂಬ ಹೀರೊವನ್ನು ಕ್ಯಾರಿಯಾಗಿ ಆಡಿದರು. ಅಲ್ಲಿಯವರೆಗೆ ಐಓ ಎಂದರೆ ಸಪೋರ್ಟ್, ಬೇರೆಯವರಿಗೆ ಅಂಟಿಕೊಂಡು ಜೀವ ತುಂಬುವ ಬೆಳಕಿನ ಉಂಡೆ. ಅದನ್ನು ಕ್ಯಾರಿ ಮಾಡುವುದು ಮೊದಲ ನೋಟಕ್ಕೆ ತಮಾಷೆಯಂತೆ ಕಾಣುತ್ತಿತ್ತು. ಆ ವರ್ಷ ಓಜಿ ತಂಡ ಪ್ರಶಸ್ತಿ ಗೆದ್ದು, ಅದನ್ನು ಎರಡು ಸಲ ಗೆದ್ದ ಮೊದಲ ತಂಡವಾಯಿತು. ಅದೇ ಓಜಿ ತಂಡ ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಓಪನ್‌ಎಐ ಫೈವ್ ಎಂಬ ಕಂಪ್ಯೂಟರ್ ತಂಡದ ಎದುರು 0-2ರಿಂದ ಸೋತಿತ್ತು. ಆ ಯಂತ್ರ ಪಂದ್ಯದ ಆರಂಭದಲ್ಲೇ ಗೋಲ್ಡ್ ಸುರಿದು ಬೈಬ್ಯಾಕ್ ಮಾಡುತ್ತಿತ್ತು; ಯಾವ ಅನುಭವಿಯೂ ಮಾಡದ ಕೆಲಸವದು, ಗೋಲ್ಡ್ ದಂಡವೆಂದು ನೋಡುವವರಿಗೆ ಅನ್ನಿಸುವಂಥದು. ಆದರೆ ಸತ್ತವನು ತಕ್ಷಣ ಎದ್ದು ಬಂದು ಅದೇ ಒತ್ತಡವನ್ನು ಮುಂದುವರಿಸುವುದರಿಂದ ಸಿಕ್ಕ ಲಾಭ ಆ ಖರ್ಚನ್ನು ಮೀರಿಸುತ್ತಿತ್ತು. ರೂಢಿ ಮುರಿದವನೆಲ್ಲ ದಡ್ಡನಲ್ಲ, ನಮ್ಮ ರೂಢಿಯೇ ತಪ್ಪಿರಬಹುದು.

ಇದರ ಮುಂದಿನ ಭಾಗ ನನಗೆ ಇನ್ನೂ ಹೆಚ್ಚು ಇಷ್ಟ. ಆ ಪಂದ್ಯದ ನಂತರ ಓಪನ್‌ಎಐ ಫೈವ್ ಅನ್ನು ಕೆಲವು ದಿನ ಸಾರ್ವಜನಿಕರ ಎದುರು ಆಡಲು ಬಿಟ್ಟರು. 7,257 ಸ್ಪರ್ಧಾತ್ಮಕ ಪಂದ್ಯಗಳಲ್ಲಿ 99.4 ಶೇಕಡವನ್ನು ಅದು ಗೆದ್ದಿತು. ಸೋತದ್ದು 29 ತಂಡಗಳಿಗೆ, ಅವುಗಳಲ್ಲಿ ಕೆಲವು ಮತ್ತೆ ಮತ್ತೆ ಗೆದ್ದವು. ಯಂತ್ರ ಆಟವನ್ನು ಕಲಿತದ್ದು ತನ್ನ ವಿರುದ್ಧ ತಾನೇ ಆಡಿ. ಆ ಅಭ್ಯಾಸದಲ್ಲಿ ಎದುರಾಗದ ಬಗೆಯ ಆಟಕ್ಕೆ ಅದರ ಬಳಿ ಸಿದ್ಧ ಉತ್ತರವಿಲ್ಲದೆ ಹೋಗುವುದು ಸಹಜವೇ. ಜೊತೆಗೆ, ಆ ಪಂದ್ಯಗಳಲ್ಲಿ ಆರಿಸಿಕೊಳ್ಳಬಹುದಾದ ಹೀರೊಗಳು 17 ಮಾತ್ರ ಎಂಬುದನ್ನೂ ಹೇಳಬೇಕು. ನೂರಕ್ಕಿಂತ ಹೆಚ್ಚು ಹೀರೊಗಳಿರುವ ಪೂರ್ತಿ ಆಟದಲ್ಲಿ ವಿಚಿತ್ರಗಳ ಸಂಖ್ಯೆ ಎಣಿಕೆಗೆ ಸಿಗುವುದಿಲ್ಲ.

ಹಾಗಾದರೆ ಒಳ್ಳೆಯ ವಿಚಿತ್ರವನ್ನೂ ಕೆಟ್ಟ ವಿಚಿತ್ರವನ್ನೂ ಪಂದ್ಯದ ಬಿಸಿಯಲ್ಲಿ ಬೇರ್ಪಡಿಸುವುದು ಹೇಗೆ? ಪೂರ್ತಿಯಾಗಿ ಬೇರ್ಪಡಿಸಲು ಆಗುವುದಿಲ್ಲ, ಪಂದ್ಯ ಮುಗಿದ ಮೇಲೆ ಆಗುತ್ತದೆ. ಸೋತ ಪಂದ್ಯದ ರಿಪ್ಲೇ ತೆಗೆದು ಎದುರಾಳಿಯ ಕಡೆಯಿಂದ ಕುಳಿತು ನೋಡಿ. ನೀವು ಹೇಗೆ ಸತ್ತಿರಿ ಎಂಬುದನ್ನು ನೋಡಬೇಡಿ; ಐದನೆಯ, ಹತ್ತನೆಯ, ಹದಿನೈದನೆಯ ನಿಮಿಷಗಳಲ್ಲಿ ಅವರ ಐವರ ಗೋಲ್ಡ್ ಎಷ್ಟಿತ್ತು, ಯಾವ ಲೇನಿನಲ್ಲಿ ಅವರು ಯಾರೂ ಇರಲಿಲ್ಲ, ಯಾರ ಟೆಲಿಪೋರ್ಟ್ ಖರ್ಚಾಗಿತ್ತು ಎಂಬುದನ್ನು ಬರೆದಿಡಿ. ಖಾಲಿ ಜಾಗ ಕಂಡರೆ ಮುಂದಿನ ಸಲ ಅಲ್ಲಿ ಹೊಡೆಯಬಹುದು. ಎಲ್ಲಿಯೂ ಖಾಲಿ ಕಾಣದಿದ್ದರೆ ಆ ತಂತ್ರ ಒಳ್ಳೆಯದಿದೆ ಎಂದರ್ಥ: ಪಂದ್ಯಕ್ಕೆ ಮೊದಲು ಹೀರೊಗಳನ್ನು ಆರಿಸುವ ಹಂತದಲ್ಲೇ ಅದನ್ನು ಬ್ಯಾನ್ ಮಾಡಬೇಕು, ಇಲ್ಲವೇ ನಾವೇ ಮೊದಲು ಪಿಕ್ ಮಾಡಿ ಆಡಬೇಕು. ಎದುರಾಳಿಯ ತಂತ್ರವನ್ನು ಎತ್ತಿಕೊಳ್ಳುವುದಕ್ಕೆ ನಮ್ಮ ಹುಡುಗರು ನಾಚುತ್ತಾರೆ. ನಾಚಿಕೆ ಯಾಕೆಂದು ನನಗೆ ಇದುವರೆಗೂ ತಿಳಿದಿಲ್ಲ.

ಪಂದ್ಯದ ನಡುವೆ ಮಾತ್ರ ಒಂದು ಶಿಸ್ತು ಇರಲೇಬೇಕು. ಎದುರಿನವರು ಏನೋ ಬೇರೆ ಮಾಡುತ್ತಿದ್ದಾರೆ ಎಂದು ಕಂಡಾಗ ನಿರ್ಧಾರ ಹೇಳುವ ಬಾಯಿ ಒಂದೇ ಇರಬೇಕು. ಐವರೂ ಐದು ಉಪಾಯ ಕೂಗಿದರೆ ಅವುಗಳಲ್ಲಿ ಮೂರು ಸರಿಯಿದ್ದರೂ ಪ್ರಯೋಜನವಿಲ್ಲ. ಇಬ್ಬರು ಒಂದನ್ನೂ ಮೂವರು ಇನ್ನೊಂದನ್ನೂ ಪಾಲಿಸಿ ಎರಡೂ ಕೆಡುತ್ತವೆ. ಸಾಧಾರಣ ಉಪಾಯವನ್ನು ಐವರು ಕೂಡಿ ಮಾಡಿದರೆ ಉತ್ತಮ ಉಪಾಯವನ್ನು ಇಬ್ಬರು ಮಾಡಿದ್ದಕ್ಕಿಂತ ಹೆಚ್ಚಿನ ಫಲ ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಮೊದಲನೆಯದು ಫೋನಿನಲ್ಲಿ ಪೋಕೆಮಾನ್ ಯುನೈಟ್ ಆಡುವ ವಿದ್ಯಾರ್ಥಿನಿಯೊಬ್ಬರದು: "ಸರ್, ಕಡೀ ಎರಡು ನಿಮಿಷದಾಗ ನಾವೆಲ್ಲಾ ನಡುವ ಬಾಸ್ ಹೊಡೀತಿರ್ತೀವಿ, ಅವರ ಒಬ್ಬ ಹಿಂದಿಂದ ಬಂದು ನಮ್ಮ ಗೋಲಿನಾಗ ಪಾಯಿಂಟ್ ಹಾಕಿ ಹೋಗ್ತಾನ. ಏನ್ ಮಾಡ್ಬೇಕ್ರಿ?" ಎದುರಾಳಿಯ ಗೋಲಿನಲ್ಲಿ ಪಾಯಿಂಟ್ ಹಾಕಿ ಗೆಲ್ಲುವ ಆ ಆಟದ ಸಾಮಾನ್ಯ ಪಂದ್ಯ 10 ನಿಮಿಷದ್ದು, ಕೊನೆಯ 2 ನಿಮಿಷಗಳಲ್ಲಿ ಹಾಕಿದ ಪಾಯಿಂಟ್‌ಗಳು ಇಮ್ಮಡಿಯಾಗುತ್ತವೆ; ಆದ್ದರಿಂದ ಆಕೆಯ ಆತಂಕ ನಿಜವಾದದ್ದು. ಇಲ್ಲಿ ಕೂಡ ಅವರು ಬಾಸ್ ಮುಂದೆ ನಾಲ್ವರಾಗಿದ್ದಾರೆ ಎಂಬುದೇ ಲೆಕ್ಕ. ಅವರ ಐದನೆಯವನು ಕಾಣದಿದ್ದ ಕ್ಷಣವೇ ಬಾಸ್ ಬಿಟ್ಟು ಎದುರಿನ ನಾಲ್ವರ ಮೇಲೆ ಬೀಳಬೇಕು, ಅವರು ಸತ್ತ ಮೇಲೆ ಬಾಸ್ ಎಲ್ಲಿಗೂ ಹೋಗುವುದಿಲ್ಲ. ಅಷ್ಟು ಧೈರ್ಯ ತಂಡಕ್ಕಿಲ್ಲದಿದ್ದರೆ ವೇಗವಾಗಿ ಓಡುವ ಒಬ್ಬರು ಮೊದಲಿನಿಂದಲೇ ಹಿಂದೆ ನಿಂತು ಗೋಲ್ ಹಾಕುವವನಿಗೆ ಹೊಡೆಯುತ್ತಿದ್ದರೆ ಸಾಕು; ಹೊಡೆತ ಬಿದ್ದಾಗ ಗೋಲ್ ಹಾಕುವುದು ತಪ್ಪಿಹೋಗುತ್ತದೆ, ಅವನನ್ನು ಕೊಲ್ಲಬೇಕೆಂದಿಲ್ಲ.

ಎರಡನೆಯ ಪ್ರಶ್ನೆ ಒಂಟಿಯಾಗಿ ಆಡುವವರದು. ಗುರುತು ಪರಿಚಯವಿಲ್ಲದ ನಾಲ್ವರ ಜೊತೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಪಂದ್ಯದಲ್ಲಿ ಇದೆಲ್ಲ ನಡೆಯುತ್ತದೆಯೇ ಎಂದು ಒಬ್ಬರು ಕೇಳಿದರು. ಪೂರ್ತಿ ನಡೆಯುವುದಿಲ್ಲ. ಅಂಥಲ್ಲಿ ಉದ್ದದ ಯೋಜನೆಯನ್ನು ಟೈಪ್ ಮಾಡಿ ವಿವರಿಸಲು ಹೋಗದೆ, ಕ್ರೀಪ್ ಅಳಿಸಬಲ್ಲ ಹೀರೊವನ್ನು ನೀವೇ ಪಿಕ್ ಮಾಡಿ, ಒಂಟಿ ಆಟಗಾರನನ್ನು ತಡೆಯುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಅವನು ಕಾಣಿಸಿಕೊಂಡಾಗ ಉಳಿದವರು ಅತ್ತ ಓಡದಂತೆ ನಕಾಶೆಯ ಎದುರು ತುದಿಯ ಟವರ್ ಮೇಲೆ ಎರಡು ಸಲ ಪಿಂಗ್ ಮಾಡಿ, ಅಂದರೆ ಗುರುತು ಒತ್ತಿ ತೋರಿಸಿ. ಮೂರನೆಯ ಸಲ ಮಾಡಿದರೆ ಮ್ಯೂಟ್ ಮಾಡುತ್ತಾರೆ.